ಮೊದಲು ಕಂದೀಲು ಇಳಿಯಲಿ

ಹಗೇವಿನ ಕಾಕಾನಿಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಕಂದೀಲಿನ ಮೇಲೆ ಬಗ್ಗಿದಾಗ ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಹಾಗಾಗಿ ಅವನ ಅರ್ಧ ಮುಖ ಸದಾ ಯಾರನ್ನೋ ಹೀಗಳೆಯುತ್ತಿರುವಂತೆ ಕಾಣುತ್ತಿತ್ತು. ಬಹುತೇಕ ಹೀಗಳೆಯುತ್ತಲೂ ಇದ್ದ.

ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚುವ ಗುಂಡಿಗೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಅದನ್ನು ತೆರೆಯುವುದೇ ಅವನ ಕೆಲಸ. ಪ್ರತಿ ಬೇಸಿಗೆ ಬಸವಕಲ್ಯಾಣದಿಂದ ಬಸ್ಸು ಹತ್ತಿ ಹುಮನಾಬಾದಿಗೆ, ನಮ್ಮ ದೊಡ್ಡಪ್ಪನ ಮನೆಗೆ ಬರುತ್ತಿದ್ದ. ಹಗೇವಿನ ಬಾಯಿ ತೆರೆದು, ಅರ್ಧ ದಿನ ಸುಮ್ಮನೆ ಬಿಟ್ಟು, ಆಮೇಲೆ ಹೊತ್ತಿಸಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದ. ಅದು ಆರಿದರೆ ಒಳಗಿನ ಗಾಳಿ ಕೊಲ್ಲುತ್ತದೆ. ಉರಿದರೆ ಮನುಷ್ಯ ಇಳಿಯಬಹುದು. ಯಾರು ಏನೇ ಹೇಳಲಿ, ಅವನದು ಒಂದೇ ಪ್ರಶ್ನೆ: “ನೋಡೀದೇನು, ಕೇಳೀದೇನು?” ಊರಿನಲ್ಲಿ ಬಹುಪಾಲು ಕೇಳಿದವರೇ ಆದ್ದರಿಂದ ಅವನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ.

ನಾನು ಗುಲಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ವರ್ಷ ದೊಡ್ಡಪ್ಪನ ತಲೆಗೆ ಯಾರೋ ಹೊಸದೊಂದು ತುಂಬಿದ್ದರು. ಹಗೇವಿನಿಂದ ಬರುವ ಝಳ ಲಕ್ಷ್ಮಿಯ ಉಸಿರಂತೆ. ಅದು ಪೂರಾ ಹೋಗುವ ಮೊದಲೇ ಮುಹೂರ್ತ ನೋಡಿ ಮನೆಯವನೊಬ್ಬ ಮಡಿಯಲ್ಲಿ ಇಳಿದು ಮೊದಲ ಬೊಗಸೆ ತೆಗೆಯಬೇಕಂತೆ. ಒಳಗೆ ದೀಪ ಆರುವುದಂತೂ ಮನೆತನಕ್ಕೇ ಅಪಶಕುನ. ಆದ್ದರಿಂದ ಕಂದೀಲು ಬೇಡ.

“ಕಂದೀಲು ಆರಿದ್ರ ಮತ್ತ ಹಚ್ಚಬೌದು. ಮನಷ್ಯಾ ಆರಿದ್ರ ಯಾರು ಹಚ್ಚತಾರ್ರಿ?” ಎಂದ ಕಾಕಾ.

“ನಿನ್ನ ಬಾಯಾಗ ಹುಳಾ ಬೀಳ್ಲಿ! ನೀ ಇಳೀಬ್ಯಾಡ ಬಿಡು. ಮನಿ ಮಗ ಇಳೀತಾನ” ಎಂದು ದೊಡ್ಡಪ್ಪ ನನ್ನತ್ತ ನೋಡಿದ.

ಇಂಗಾಲದ ಡೈಆಕ್ಸೈಡಿನ ಮೇಲೆ ಪರೀಕ್ಷೆಯಲ್ಲಿ ಎರಡು ಪುಟ ಬರೆದವನು ನಾನು. ಉರಿವ ಕಡ್ಡಿ ಅದರಲ್ಲಿ ಆರುವುದನ್ನು ಕೈಯಾರೆ ಮಾಡಿ ನೋಡಿದ್ದೆ. ಆದರೂ ಒದ್ದೆ ಪಂಚೆಯುಟ್ಟು, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಬಲಿಯ ಟಗರಿನಂತೆ ನಿಂತೆ. ನಂಬಿಕೆಯಿಂದಲ್ಲ. ಅಷ್ಟು ಜನರ ಮುಂದೆ ಒಲ್ಲೆ ಎನ್ನಲು ನಾಚಿಕೆಯಾಯಿತು, ಅಷ್ಟೇ. ಕಾಕಾ ನನ್ನ ಕಂಕುಳಿಗೆ ಹಗ್ಗ ಬಿಗಿದ. “ಸಾಯೂದಿದ್ರ ಸಾಯಿ. ನಿನ್ನ ಹೆಣಾ ತಗಿಯಾಕ ನಾ ಇಳಿಯಾಂಗಿಲ್ಲ” ಎಂದ.

ಜೋಳದ ಮೇಲೆ ಕಾಲಿಟ್ಟದ್ದು ನೆನಪಿದೆ. ಹುಳಿ ವಾಸನೆ. ಬೊಗಸೆ ತುಂಬಲು ಬಗ್ಗಿದೆ. ಮೊಣಕಾಲುಗಳು ನನ್ನವಲ್ಲ ಎನ್ನಿಸಿತು. ಮೇಲೆ ತಟ್ಟೆಯಷ್ಟು ಬೆಳಕು. ಈಗಲೂ ನಲ್ಲಿಗೆ ಬಗ್ಗಿದಾಗ ಒಮ್ಮೊಮ್ಮೆ ಕಣ್ಣ ಮುಂದೆ ಆ ಬೆಳಕಿನ ತಟ್ಟೆ ಚಿಕ್ಕದಾಗುತ್ತ ಹೋಗುತ್ತದೆ. ಆಗ ಮೇಲೆಲ್ಲೋ ದೊಡ್ಡಪ್ಪನ ಕೂಗು: “ಇಳಿಯೋ, ಹೊತ್ಕೊಂಡ ಬಾರೋ!” ಅದಕ್ಕೆ ಕಾಕಾನ ಉತ್ತರ: “ಇಳದ್ರ ಎರಡ ಹೆಣಾ ಬೀಳ್ತಾವ್ರಿ. ಅಳಾಕತ್ತೀರಿ ಯಾಕ? ಹಗ್ಗಾ ಜಗ್ಗ್ರಿ!”

ಎಚ್ಚರವಾದಾಗ ಬೇವಿನ ನೆರಳಲ್ಲಿದ್ದೆ. ಕಾಕಾನ ಅಂಗೈ ಹಗ್ಗ ಉಜ್ಜಿ ಕಿತ್ತುಹೋಗಿತ್ತು.

“ಕಾಲೇಜಿನ್ಯಾಗ ಇದನ್ನ ಕಲಿಸಿಲ್ಲೇನು?”

“ಕಲಿಸ್ಯಾರ.”

“ಹಂಗಾದ್ರ ನಿನಗಿಂತ ನಿಮ್ಮ ದೊಡ್ಡಪ್ಪ ಚಲೋ. ಅಂವಗ ಗೊತ್ತಿರಲಿಲ್ಲ.”

ಅವನ ಕಂದೀಲಿನ ಹಿಡಿಕೆಗೆ ದರ್ಗಾದ ತಾಯಿತ ಕಟ್ಟಿತ್ತು. ಅವಮಾನ ತಾಳಲಾರದೆ, “ಇದು ನೋಡಿದ್ದೋ, ಕೇಳಿದ್ದೋ?” ಎಂದು ಚುಚ್ಚಿದೆ.

“ಕೇಳಿದ್ದು. ನಮ್ಮವ್ವ ಕಟ್ಯಾಳ, ಇರಲಿ. ಆದ್ರ ಜೀವಾ ಇದರ ಮ್ಯಾಲ ಇಟ್ಟಿಲ್ಲ, ಉರಿ ಮ್ಯಾಲ ಇಟ್ಟೀನಿ. ನೀ ಯಾತರ ಮ್ಯಾಲ ಇಟ್ಟಿದ್ದಿ?”

ನಾಲ್ಕು ಜನ ಏನೆಂದಾರು ಎಂಬುದರ ಮೇಲೆ. ಹಾಗಂದುಕೊಂಡು ಪಂಚೆಗೆ ಅಂಟಿದ ಜೋಳದ ಧೂಳು ಕೊಡವಿದೆ.

ಮುಂದೆ ಎಷ್ಟೋ ವರ್ಷ ದೊಡ್ಡಪ್ಪ ಮದುವೆ, ತೊಟ್ಟಿಲು ಎಲ್ಲೆಡೆ “ಮುಹೂರ್ತ ಗಟ್ಟಿ ಇತ್ತು, ಹುಡುಗ ಉಳದಾ” ಎಂದು ಸಾರಿಕೊಂಡು ತಿರುಗಿದ. ಅಷ್ಟರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಪಕ್ಕದಲ್ಲೇ ಕುಳಿತು ಪ್ರತಿ ಸಲ ತಲೆಯಾಡಿಸಿದೆ. ದೊಡ್ಡಪ್ಪ ತನ್ನ ಸುಳ್ಳನ್ನು ನಂಬಿಯಾದರೂ ಇದ್ದ. ಏನನ್ನೂ ನಂಬದೆ ಎಲ್ಲದಕ್ಕೂ ತಲೆಯಾಡಿಸಿದ ಆ ಮೇಷ್ಟ್ರನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ಕಾಕಾ ಜ್ವರದಲ್ಲಿ ತೀರಿಕೊಂಡಾಗ ಇಬ್ಬರೂ ಬಸವಕಲ್ಯಾಣಕ್ಕೆ ಹೋದೆವು. ಅಂಗಳದಲ್ಲಿ, ಅವನ ಹೆಣದ ಮುಂದೆಯೇ, ದೊಡ್ಡಪ್ಪ ಕೂತವರಿಗೆ ಶುರುಮಾಡಿದ: “ಆವತ್ತ ಮುಹೂರ್ತ ಎಂಥಾದ್ದಿತ್ತು ಅಂತೀರಿ…” ಹೊದಿಕೆಯ ಹೊರಗಿದ್ದ ಅಂಗೈಯಲ್ಲಿ ಹಗ್ಗದ ಗೆರೆ ಬೆಳ್ಳಗೆ ಕಾಣುತ್ತಿತ್ತು.

“ಮುಹೂರ್ತ ಅಲ್ರಿ ದೊಡ್ಡಪ್ಪಾ, ಹಗ್ಗಾ” ಎಂದೆ. “ಇಂವ ಹಿಡದಿದ್ದ. ಈ ಕೈ ನಾ ನೋಡೀನಿ.”

ವಾಪಸಾಗುವಾಗ ದೊಡ್ಡಪ್ಪ ಹುಮನಾಬಾದಿನವರೆಗೂ ಬಸ್ಸಿನ ಮುಂದಿನ ಸೀಟಿನಲ್ಲಿ ನನಗೆ ಬೆನ್ನುಮಾಡಿ ಕೂತ. ನಾನು ಹಿಂದೆ ನಿಂತೇ ಬಂದೆ. ಮೊಣಕಾಲುಗಳು ಈ ಸಲ ನನ್ನವೇ ಆಗಿದ್ದವು.