ಹರ್ಯೋನೊ ಅವರ ಉಪ್ಪುನೀರಿನ ತೊಟ್ಟಿ
ಸೆಮಾರಾಂಗಿನ ನಿವೃತ್ತ ಸುಂಕದ ಅಧಿಕಾರಿ ಹರ್ಯೋನೊ ಅವರ ಮನೆಗೆ ಹೋದವರು ಕೂರುವ ಮೊದಲು ಮೂಸಲು ಕೈ ಕೊಡಬೇಕು. ನಡುಮನೆಯ ಉಪ್ಪುನೀರಿನ ಮೀನುತೊಟ್ಟಿಯಲ್ಲಿ ಸಿಗಡಿಗಳು ಸತ್ತು, ಹವಳಗಳು ಬಿಳಿಚಿಕೊಂಡಾಗಿನಿಂದ ಅವರಿಗೆ ಊರೆಲ್ಲ ವಿಷ ಹಾಕುವವರೇ. ಎಣ್ಣೆ ಜಿನುಗುವ ಕರಿದ ಲುಂಪಿಯಾ ಸುರುಳಿ ತಿಂದು ಬಂದ ಬೀಗರನ್ನು ಜಗಲಿ ದಾಟಲು ಬಿಡುವುದಿಲ್ಲ; ನೆಲ ಒರೆಸುವ ಸೊಸೆಯ ಬಕೆಟ್ಟಿಗೂ ಮೂಗಿಡುತ್ತಾರೆ. “ಔಷಧಿ ಸೊಳ್ಳೆಗೆ ಹೊಡೆದ್ಯೋ, ನನ್ನ ಮೀನಿಗೆ ಹೊಡೆದ್ಯೋ?” ಎಂದು ಅವಳನ್ನು ದಿನಾ ವಿಚಾರಿಸುತ್ತಾರೆ. ಬೆಳಗಾದರೆ ಅಂಗಿಯ ತೋಳು ಮಡಚಿ, ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ತೊಟ್ಟಿಯ ಗಾಜು ಉಜ್ಜುತ್ತಾ, “ಈ ಮನೇಲಿ ಶುದ್ಧವಾಗಿರೋನು ನಾನೊಬ್ಬನೇ” ಎನ್ನುತ್ತಾರೆ. ಮೊನ್ನೆ ಮೀನಿನಂಗಡಿಯಿಂದ ಹೊಸ ಪರೀಕ್ಷೆಯ ಔಷಧಿ ತಂದು ಲೋಟದಲ್ಲಿ ತೆಗೆದ ತೊಟ್ಟಿಯ ನೀರಿಗೆ ಹನಿಸಿದಾಗ ಕುತ್ತು ಗೊತ್ತಾಯಿತು: ನೀರಿನಲ್ಲಿ ತಾಮ್ರ ಸೇರಿದೆ; ಸಿಗಡಿ, ಹವಳಗಳಿಗೆ ಅದು ವಿಷ. “ಯಾರ ಕೆಲಸ ಇದು?” ಎಂದು ಗುಡುಗಿದರು. ಹೆಂಡತಿ ಲಸ್ಮಿನಿ ಗಂಡನ ಮುಂಗೈಯನ್ನೇ ಹಿಡಿದೆತ್ತಿದರು. ಕೀಲುನೋವಿಗೆಂದು ಆರು ತಿಂಗಳ ಹಿಂದೆ ಆಕೆಯೇ ತೊಡಿಸಿದ್ದ ತಾಮ್ರದ ಬಳೆ ಹಸಿರುಗಟ್ಟಿತ್ತು. “ತೆಗೀರಿ ಇದನ್ನ. ಹೇಗೂ ನೋವು ಹೋಯ್ತಲ್ಲ?” “ಒಂದಿನಾನೂ ಹೋಗಿಲ್ಲ ಕಣೇ,” ಎಂದರು ಹರ್ಯೋನೊ, ದನಿ ತಗ್ಗಿಸಿ. “ನೀನು ತೊಡಿಸಿದ್ದಲ್ವಾ, ಅದರ ಮೇಲೆ ಹೇಗೆ ಅನುಮಾನ ಪಡ್ಲಿ?”