ಹೊಳೆಯಾಚೆಯ ನೆಗೆಣ್ಣಿ

ಸಾವಕ್ಕನ ಮನೆ ಮುಂಡರಗಿ ಕಡೆ ತುಂಗಭದ್ರೆಯ ದಂಡೆಯಲ್ಲಿದೆ. ಎದುರಿಗೆ, ಹೊಳೆಯ ನಡುವಿನ ನಡುಗಡ್ಡೆಯಲ್ಲಿ, ಒಂದು ಪುಟ್ಟ ಊರು. ಆಸ್ತಿ ಪಾಲಾಗುವಾಗ ದಂಡೆಯ ಎರೆಹೊಲವನ್ನು ಹಟ ಹಿಡಿದು ತೆಗೆದುಕೊಂಡ ಸಾವಕ್ಕ, ನಡುಗಡ್ಡೆಯ ಹಳೆಮನೆಯನ್ನು ಮೈದುನನ ಹೆಂಡತಿ ವಿದ್ಯಾಶ್ರೀಗೆ ಬಿಟ್ಟಿದ್ದಳು.

ವಿದ್ಯಾಶ್ರೀ ತನ್ನ ಬಂಗಾರ ಮಾರಿ ಅಲ್ಲಿ ಕೋಣೆಗಳನ್ನು ಕಟ್ಟಿಸಿ, ಪ್ರವಾಸಿಗರನ್ನು ಇರಿಸಿಕೊಳ್ಳತೊಡಗಿದಳು. ಗದಗ, ಹುಬ್ಬಳ್ಳಿಯ ಜನ ತೆಪ್ಪ ಹತ್ತುವುದನ್ನು ಕಂಡಾಗಲೆಲ್ಲ ಸಾವಕ್ಕನ ಹೊಟ್ಟೆ ಉರಿಯುತ್ತಿತ್ತು.

ಈ ಮಳೆಗಾಲದಲ್ಲಿ ಹೊಳೆ ತುಂಬಿ ತೆಪ್ಪ ನಿಂತಿತು. ವಿದ್ಯಾಶ್ರೀಯ ಮನೆಗೆ ಬಂದವರು ಅಲ್ಲೇ ಸಿಕ್ಕಿಕೊಂಡರು.

“ಇನ್ನ ಆಕಿ ಮನಿಗೆ ಯಾರ ಬರ್ತಾರ ನೋಡೋಣು,” ಎಂದು ಸಾವಕ್ಕ ಗಂಡ ಹುಚ್ಚೀರಪ್ಪನೆದುರು ಹಿಗ್ಗಿದಳು.

ನೀರಿಳಿದ ಮೇಲೆ ದಂಡೆಗೆ ಬಂದವರನ್ನು ತಾನೇ ಹೋಗಿ ಕೇಳಿದಳು: “ಭಾಳ ತ್ರಾಸ ಆತೇನ್ರಿ?”

“ತ್ರಾಸ ಎಲ್ಲೀದ್ರಿ? ಅಕ್ಕಾರು ದಿನಾ ಬಿಸಿ ರೊಟ್ಟಿ ಬಡದು ಹಾಕಿದ್ರು. ಹೊಳಿ ಇಷ್ಟ ಜಲ್ದಿ ಇಳೀಬಾರದಿತ್ತು!”

“ಹೊಳಿನೂ ಆಕಿ ಕಡೀನ ಐತಿ,” ಎಂದು ಸಾವಕ್ಕ ಮನೆಗೆ ಬಂದು ಸಿಡುಕಿದಳು.

“ಉರಕೋತ ಕುಂಡ್ರಬ್ಯಾಡ. ತೆಪ್ಪ ಕಾಯೋ ಮಂದಿಗೆ ನೀನೂ ಚಾದಂಗಡಿ ಇಡು,” ಎಂದ ಹುಚ್ಚೀರಪ್ಪ.

ಅಂಗಡಿ ಈಗ ಚೆನ್ನಾಗಿ ನಡೆದಿದೆ. ಆದರೆ ಹೋಗುವವರು ವಿದ್ಯಾಶ್ರೀಯ ಮನೆ ಯಾವುದೆಂದು ಕೇಳುತ್ತಾರೆ, ಬರುವವರು ಅವಳ ಕೈರುಚಿ ಹೊಗಳುತ್ತಾರೆ. ಸಾವಕ್ಕ ಒಲೆಯತ್ತ ಮುಖ ತಿರುಗಿಸಿ, ಚಹಾಕ್ಕೆ ಇನ್ನಷ್ಟು ಸಕ್ಕರೆ ಸುರಿಯುತ್ತಾಳೆ.