ಸಿರಿಲಣ್ಣನ ತಂಡ

ದುಬೈನ ದೇರಾದ ನಮ್ಮ ರೂಮಿನ ಮಂಚದಲ್ಲಿ ಸಿರಿಲಣ್ಣ ಪೂರ್ತಿಯಾಗಿ ಹಿಡಿಸಿದ್ದೇ ಇಲ್ಲ. ಕಾಲುಗಳೆರಡೂ ದಾರಿಗೆ ಚಾಚಿಕೊಂಡಿರುತ್ತಿದ್ದವು. ಬಾತ್‌ರೂಮಿಗೆ ಹೋಗುವವರೆಲ್ಲ ಎಡವಿ ಬೈಯುವವರೇ. "ಈ ಕಾಲು ನೋಡಿಯೇ ಮಾರಾಯ ಕಂಪನಿ ವೀಸಾ ಕೊಟ್ಟದ್ದು" ಎಂದು ಸಿರಿಲಣ್ಣ ನಗುತ್ತಿದ್ದರು.

ಮಾತು ಸುಳ್ಳಲ್ಲ. ಮಂಗಳೂರಿನ ಕಾಲೇಜುಗಳಿಗೆ ಬಾಸ್ಕೆಟ್‌ಬಾಲ್ ಇನ್ನೂ ಹೊಸತಾಗಿದ್ದ ಕಾಲದಲ್ಲಿ ಸಿರಿಲಣ್ಣನ ಎಡಗೈ ಶಾಟ್ ನೋಡಲು ಹುಡುಗರು ಕ್ಲಾಸು ತಪ್ಪಿಸಿ ಕಾಂಪೌಂಡು ಹತ್ತುತ್ತಿದ್ದರಂತೆ. ಜೆಬೆಲ್ ಅಲಿಯ ಕಂಪನಿಯೊಂದು ತನ್ನ ತಂಡಕ್ಕೆಂದೇ ಅವರನ್ನು ಕರೆಸಿಕೊಂಡು, ವೀಸಾದಲ್ಲಿ ಸ್ಟೋರ್‌ಕೀಪರ್ ಎಂದು ಬರೆಸಿತು. ಕೆಲವು ವರ್ಷಗಳಲ್ಲಿ ಮೊಣಕಾಲು ಹಾಳಾಯಿತು, ತಂಡವೂ ಮುಚ್ಚಿತು. ವೀಸಾದಲ್ಲಿ ಬರೆದದ್ದೇ ನಿಜವಾಯಿತು. ಊರಿಗೆ ಹೋದಾಗ ಕಾಲೇಜಿನ ಹಳೆಯ ಪಿ.ಟಿ. ಮಾಸ್ಟ್ರು "ಈಗ ಟೀಮಿಗೆ ಕೋಚ್ ನೀನೇಯಾ?" ಎಂದು ಕೇಳಿದರೆ ಮಾತ್ರ ಇಲ್ಲವೆನ್ನಲು ಸಿರಿಲಣ್ಣನಿಗೆ ನಾಲಿಗೆ ಏಳುತ್ತಿರಲಿಲ್ಲ.

ದುಬೈಗೆ ಮೆಟ್ರೋ ಬಂದು ಕೆಲವು ವರ್ಷಗಳಾಗಿದ್ದವು. ಅಬುಧಾಬಿಯ ಮಗಳ ಮನೆಗೆ ವಿಸಿಟ್ ವೀಸಾದಲ್ಲಿ ಬಂದ ಮಾಸ್ಟ್ರು ಫೋನು ಮಾಡಿದರು: "ನಿನ್ನ ಟೀಮಿನ ಪ್ರಾಕ್ಟೀಸ್ ನೋಡ್ಬೇಕು ಮಾರಾಯ."

ಸಿರಿಲಣ್ಣನಿಗೆ ಊಟ ಸೇರಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು. ಕಂಪನಿಯ ಕೆಲಸಗಾರರಿರುವ ಕ್ಯಾಂಪಿನಲ್ಲಿ ಫಿಲಿಪಿನೋ ಹುಡುಗರು ಶುಕ್ರವಾರ ಸಂಜೆ ಹೇಗೂ ಬಾಸ್ಕೆಟ್‌ಬಾಲ್ ಆಡುತ್ತಾರೆ. ಮಾಸ್ಟ್ರನ್ನು ಅಲ್ಲಿಗೇ ಕರೆತಂದು, ತಾನು ಸೀಟಿ ಊದುತ್ತ ಪಕ್ಕದಲ್ಲಿ ನಿಂತರಾಯಿತು. ಕಾರು ಓಡಿಸಲು ನಾನೂ ಒಪ್ಪಿದೆ.

ಮಾಸ್ಟ್ರು ಆಟವನ್ನು ಕಣ್ಣರಳಿಸಿ ನೋಡಿದರು. "ಪಾಸಿಂಗ್ ಭಾರೀ ಲಾಯ್ಕುಂಟು ಸಿರಿಲ್! ನಿನ್ನ ಎಡಗೈ ಶಾಟ್ ಒಮ್ಮೆ ಇವರಿಗೆ ತೋರಿಸು" ಎಂದು ಸಿರಿಲಣ್ಣನತ್ತ ಬೆರಳು ಮಾಡಿ, ಬರಿಗೈಯಲ್ಲೇ ಶಾಟ್ ಹೊಡೆದು ತೋರಿಸಿದರು.

ಚೆಂಡು ಹಿಡಿದಿದ್ದ ಹುಡುಗನಿಗೆ ಸಿರಿಲಣ್ಣನೆಂದರೆ ಗ್ಲೌಸು, ಶೂ ಕೊಡುವ ಸ್ಟೋರಿನವರು, ಅಷ್ಟೇ. ಅವನು ಬೆರಗಾಗಿ ಕೇಳಿದ: "ಸ್ಟೋರ್ ಸರ್, ಯು ಆಲ್ಸೋ ಪ್ಲೇ?"

ಮಾಸ್ಟ್ರು ಸಿರಿಲಣ್ಣನ ಮುಖ ನೋಡಿದರು. ಸಿರಿಲಣ್ಣ ನೆಲ ನೋಡಿದರು. ನನಗಂತೂ ಅಲ್ಲಿಂದ ಓಡಿಹೋಗೋಣವೆನಿಸುವಷ್ಟು ನಾಚಿಕೆಯಾಯಿತು.

ವಾಪಸು ಬರುವಾಗ ಮಾಸ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸ್ಟೋರ್‌ಕೀಪರ್ ಆದ್ರೆ ಎಂತ ಆಯ್ತು? ಅದೂ ಕೆಲಸವೇ ಅಲ್ವಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಆಟ ಕಲಿತ್ರೆ ಸಿರಿಲನ ಹಾಗೆ ಕೋಚ್ ಆಗ್ಬಹುದು ಅಂತ ಹೇಳಿ ಹೇಳಿಯೇ ನಾನು ಊರಲ್ಲಿ ಮಕ್ಕಳನ್ನು ಟೀಮಿಗೆ ಸೇರಿಸಿದ್ದು. ಇನ್ನು ಅವರ ಅಪ್ಪ-ಅಮ್ಮನ ಹತ್ರ ಎಂತ ಹೇಳುದು?" ಎಂದರು. ಹಿಂದಿನ ಸೀಟಿನಲ್ಲಿ ಸಿರಿಲಣ್ಣ ಮುದುಡಿಕೊಂಡು ಕುಳಿತಿದ್ದರು.

ಆಮೇಲೆ ರೂಮಿನಲ್ಲಿ ಆಟದ ಸುದ್ದಿಯೇ ನಿಂತುಹೋಯಿತು. ಕೆಲವು ವರ್ಷಗಳ ನಂತರ ಅವರು ವೀಸಾ ಕ್ಯಾನ್ಸಲ್ ಮಾಡಿಸಿ ಕಾಯಂ ಆಗಿ ಊರಿಗೆ ಹೊರಟಾಗ ಏರ್‌ಪೋರ್ಟಿಗೆ ಬಿಟ್ಟದ್ದು ನಾನೇ. ಅವರ ಮನೆ ಕಾಲೇಜು ಗ್ರೌಂಡಿಗೆ ತಾಗಿಕೊಂಡೇ ಇದೆಯೆಂದು ನನಗೆ ಗೊತ್ತಿತ್ತು. "ಇನ್ನು ಜಗಲಿಯಲ್ಲೇ ಕೂತು ಮ್ಯಾಚ್ ನೋಡ್ಬಹುದಲ್ಲ ಅಣ್ಣ" ಎಂದೆ.

"ಆ ಮನೆ ಬಾಡಿಗೆಗೆ ಕೊಟ್ಟೆ. ನಾವು ಕಾರ್ಕಳದಲ್ಲಿ, ಹೆಂಡತಿಯ ಊರಲ್ಲಿ ಇರುದು."

"ಯಾಕೆ?"

"ಮಾಸ್ಟ್ರು ಈಗ್ಲೂ ಸಂಜೆ ಗ್ರೌಂಡಿಗೆ ಬರ್ತಾರೆ" ಎಂದು ಹೇಳಿ ಸಿರಿಲಣ್ಣ ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು.